ಬಸ್ ಮಾಡ್‌ನಿಂದ ಸ್ವಂತ ಗೇಮ್‌ಗೆ: ಮಾಡಿಂಗ್ ಮುಂದುವರಿಸ್ಲಾ, ಓಪನ್ ಸೋರ್ಸ್ ಎಂಜಿನ್ ಹಿಡೀಲಾ?

ಐರಾವತ_ಅಭಿ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನಾನು ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಗೇಮ್‌ಗೆ ನಮ್ಮ ಸರ್ಕಾರಿ ಬಸ್‌ಗಳ ಮಾಡ್ (ಇರೋ ಗೇಮ್‌ಗೆ ಆಡುವವರೇ ಸೇರಿಸೋ ಬದಲಾವಣೆ) ಮಾಡೋನು. ಮೊದಮೊದಲು ಬರೀ ಲಿವರಿ, ಅಂದ್ರೆ ಬಸ್ಸಿನ ಮೈಮೇಲಿನ ಬಣ್ಣ, ಬರಹ. ಆಮೇಲೆ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್ ಕಲ್ತು ಮಾಡೆಲ್ಲೇ ಮಾಡೋಕೆ ಶುರು ಮಾಡಿದೆ. ಕೆಂಪು ಬಸ್, ರಾಜಹಂಸ, ಐರಾವತ ಎಲ್ಲಾ ಆಯ್ತು. ಈಗ ಫ್ರೆಂಡ್ಸ್ ಸೇರಿ ನಮ್ಮದೇ ಗೇಮ್ ಮಾಡೋಣ ಅಂತಿದೀವಿ. ಶಿವಮೊಗ್ಗದಿಂದ ಹೊರಟು ತೀರ್ಥಹಳ್ಳಿ, ಆಗುಂಬೆ ಘಾಟಿ ಇಳಿದು ಉಡುಪಿ.

ಎಂಜಿನ್, ಅಂದ್ರೆ ಗೇಮ್ ಕಟ್ಟಿ ಓಡಿಸೋ ಮೂಲ ಸಾಫ್ಟ್‌ವೇರ್, ಯಾವುದು ಅಂದ್ರೆ ಒಬ್ಬ ಯೂನಿಟಿ ಅಂತಾನೆ, ಇನ್ನೊಬ್ಬ ಗೋಡೋ ಅಂತಾನೆ. ನಮ್ಮಣ್ಣ ಮಾತ್ರ "ಮಾಡ್ ಎಲ್ಲಾ ಟೈಂಪಾಸ್ ಕಣೋ, ಅದರಿಂದ ಯಾರು ಉದ್ಧಾರ ಆಗಿದಾರೆ ತೋರಿಸು" ಅಂತಾನೆ. ತೋರಿಸೋಕೆ ನನಗೆ ಗೊತ್ತಾಗ್ಲಿಲ್ಲ. ತಿಳಿದೋರು ಹೇಳಿ: ಮಾಡ್‌ನಿಂದ ನಿಜವಾಗ್ಲೂ ದೊಡ್ಡ ಗೇಮ್ ಹುಟ್ಟಿದೆಯಾ? ಮಾಡ್ ಮಾಡೋಕೆ ಬಿಡೋ ಗೇಮ್‌ಗೂ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರೋ) ಎಂಜಿನ್‌ಗೂ ಏನು ವ್ಯತ್ಯಾಸ?

ಪಿಕ್ಸೆಲ್_ಪುಟ್ಟಯ್ಯ

ಮೊದಲು ಒಂದು ಮಾತು. ಆಗುಂಬೆ ಘಾಟಿಯಲ್ಲಿ ಐರಾವತ ಇಳಿಸ್ತೀಯೇನಪ್ಪಾ? ಅಲ್ಲಿ ಮಿನಿ ಬಸ್ಸೇ ಉಸಿರು ಬಿಗಿಹಿಡಿದು ತಿರುಗೋದು. ಉಳಿದದ್ದು ಆಮೇಲೆ ಬರೀತೀನಿ.

ಐರಾವತ_ಅಭಿ

ಗೊತ್ತು ಸರ್, ಊರೇ ಅಲ್ವಾ 😄 ಗೇಮ್‌ನಲ್ಲಾದ್ರೂ ಇಳಿಸೋಣ ಅಂತ.

ವ್ಯಾಡ್_ವಿಠ್ಠಲ (ಮೈಸೂರು)

ಅಭಿ, ನಿಮ್ಮಣ್ಣನಿಗೆ ಡೂಮ್ ಅನ್ನೋ ಹಳೇ ಶೂಟಿಂಗ್ ಗೇಮ್ ಕಥೆ ಹೇಳು. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ, ನನಗೆ ಈ ವಿಷಯದಲ್ಲಿ ಬಾಯಿ ನಿಲ್ಲಲ್ಲ.

1992ರಲ್ಲಿ ಐಡಿ ಸಾಫ್ಟ್‌ವೇರ್‌ನ ವುಲ್ಫೆನ್‌ಸ್ಟೈನ್ 3ಡಿ ಬಂತು. ಕಂಪನಿ ಯಾವ ಎಡಿಟರ್ರೂ ಕೊಟ್ಟಿರಲಿಲ್ಲ. ಆದ್ರೂ ಆಡುವವರು ಫೈಲ್ ಬಿಚ್ಚಿ ಗೋಡೆ, ಶತ್ರು, ನಕ್ಷೆ ಎಲ್ಲಾ ಬದಲಿಸಿದ್ರು. ಆದರೆ ಮೂಲ ಫೈಲ್ ಮೇಲೇ ಬರೀಬೇಕಿತ್ತು. ಹಳೇದು ವಾಪಸ್ ಬೇಕಂದ್ರೆ ಮತ್ತೆ ಇನ್‌ಸ್ಟಾಲ್ ಮಾಡ್ಬೇಕು. ಇದನ್ನ ನೋಡಿದ ಐಡಿಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್, 1993ರ ಡಿಸೆಂಬರ್ 10ರಂದು ಹೊರಬಂದ ಡೂಮ್‌ನಲ್ಲಿ ಎಂಜಿನ್ನೇ ಬೇರೆ, ಸರಕೇ ಬೇರೆ ಮಾಡಿಟ್ಟ. ಸರಕೆಲ್ಲಾ ವ್ಯಾಡ್ ಅನ್ನೋ ಫೈಲ್‌ನಲ್ಲಿ.

ಆ ಫೈಲ್ ಎಷ್ಟು ಸರಳ ಅಂದ್ರೆ ಒಂದು ಸಂಜೆಯಲ್ಲಿ ಅರ್ಥ ಆಗುತ್ತೆ. ಮೊದಲ 12 ಬೈಟ್ ತಲೆಬರಹ: ನಾಲ್ಕು ಬೈಟ್‌ನಲ್ಲಿ ಇದು ಮೂಲ ವ್ಯಾಡಾ (ಐವ್ಯಾಡ್) ಅಥವಾ ತೇಪೆ ವ್ಯಾಡಾ (ಪಿವ್ಯಾಡ್) ಅನ್ನೋದು, ಇನ್ನು ನಾಲ್ಕರಲ್ಲಿ ಒಳಗೆಷ್ಟು ತುಂಡುಗಳಿವೆ ಅನ್ನೋದು, ಉಳಿದ ನಾಲ್ಕರಲ್ಲಿ ಆ ತುಂಡುಗಳ ಪಟ್ಟಿ ಎಲ್ಲಿದೆ ಅನ್ನೋದು. ಪಟ್ಟಿಯಲ್ಲಿ ಪ್ರತಿ ತುಂಡಿಗೆ 16 ಬೈಟ್: ಎಲ್ಲಿದೆ, ಎಷ್ಟು ದೊಡ್ಡದು, ಎಂಟಕ್ಷರದ ಹೆಸರು. ಈ ತುಂಡುಗಳಿಗೆ ಲಂಪ್ ಅಂತಾರೆ.

ಮಜಾ ಇರೋದು ಇಲ್ಲಿ. ಎಂಜಿನ್‌ಗೆ ಒಂದು ಲಂಪ್ ಬೇಕಾದಾಗ ಪಟ್ಟಿಯನ್ನ ಕೊನೆಯಿಂದ ಹಿಂದಕ್ಕೆ ಹುಡುಕುತ್ತೆ. ನೀನು ನಿನ್ನ ಪಿವ್ಯಾಡನ್ನ ಆಮೇಲೆ ಸೇರಿಸಿರ್ತೀಯ, ಹಾಗಾಗಿ ಅದೇ ಹೆಸರಿನ ನಿನ್ನ ಲಂಪ್ ಮೊದಲು ಸಿಗುತ್ತೆ. ಮೊದಲ ಹಂತದ ಸಂಗೀತ 'ಡಿ_ಇ1ಎಂ1' ಅನ್ನೋ ಲಂಪ್‌ನಲ್ಲಿದೆ. ಅದೇ ಹೆಸರಲ್ಲಿ ನಿನ್ನ ಟ್ಯೂನ್ ಹಾಕು, ಗೇಮ್ ಅದನ್ನೇ ಬಾರಿಸುತ್ತೆ. ಮೂಲ ಫೈಲ್‌ನ ಒಂದು ಬೈಟ್ ಕೂಡ ಮುಟ್ಟಿರಲ್ಲ. (ಪಾತ್ರಗಳ ಚಿತ್ರಗಳ ವಿಷಯದಲ್ಲಿ ಹಳೇ ಡೂಮ್ ಇಷ್ಟು ಸಲೀಸಾಗಿರಲಿಲ್ಲ, ಅದಕ್ಕೆ ಬೇರೆ ಸರ್ಕಸ್ ಇತ್ತು.)

ಎಡಿಟರ್ ಮಾತ್ರ ಈ ಸಲವೂ ಕಂಪನಿ ಕೊಡಲಿಲ್ಲ. 1994ರ ಆರಂಭದಲ್ಲೇ ಡಿಇಯು ಅನ್ನೋ ಎಡಿಟರ್ ಹೊರಗಿನವರೇ ಬರೆದು ಹಂಚಿದ್ರು. 1996ರಲ್ಲಿ ಐಡಿ 'ಫೈನಲ್ ಡೂಮ್' ಅಂತ ಮಾರಿತಲ್ಲ, ಅದರಲ್ಲಿದ್ದ ಎರಡೂ ಭಾಗ ಆಟಗಾರರೇ ಕಟ್ಟಿದ್ದು: ಒಂದು ಟೀಮ್‌ಟಿಎನ್‌ಟಿ ಗುಂಪಿನದು, ಇನ್ನೊಂದು ಡಾರಿಯೊ ಮತ್ತು ಮೈಲೊ ಕಸಾಲಿ ಅನ್ನೋ ಅಣ್ಣತಮ್ಮಂದಿರದು. ಡಾರಿಯೊ ಮುಂದೆ ವಾಲ್ವ್ ಅನ್ನೋ ಗೇಮ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ. ನಿಮ್ಮಣ್ಣ "ಯಾರು ಉದ್ಧಾರ ಆದ್ರು" ಅಂದ್ರಲ್ಲ, ಒಂದು ಹೆಸರು ಸಿಕ್ತು.

1997ರ ಡಿಸೆಂಬರ್‌ನಲ್ಲಿ ಎಂಜಿನ್ನಿನ ಸೋರ್ಸ್ ಕೋಡನ್ನೇ ಬಿಟ್ಟುಕೊಟ್ರು. ಕೊಟ್ಟದ್ದು ಲಿನಕ್ಸ್ ಆವೃತ್ತಿ, ಯಾಕಂದ್ರೆ ಡಾಸ್ ಆವೃತ್ತಿಯ ಸೌಂಡ್ ಲೈಬ್ರರಿ ಬೇರೆಯವರಿಂದ ಲೈಸೆನ್ಸ್ ತಗೊಂಡಿದ್ದು, ಅದನ್ನ ಹಂಚೋ ಹಕ್ಕು ಇವರಿಗಿರಲಿಲ್ಲ. ಮೊದಲು ಲಾಭಕ್ಕೆ ಬಳಸಬಾರದು ಅನ್ನೋ ಷರತ್ತಿತ್ತು, 1999ರಲ್ಲಿ ಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸ್‌ಗೆ ಬದಲಾಯ್ತು. ಇವತ್ತು ಕಂಡಕಂಡ ಯಂತ್ರದ ಮೇಲೆಲ್ಲಾ ಡೂಮ್ ಓಡಿಸ್ತಾರಲ್ಲ, ಅದರ ಮೂಲ ಇದು. 2024ರಲ್ಲಿ ವಾಲ್ವ್‌ನ ಆನ್‌ಲೈನ್ ಗೇಮ್ ಅಂಗಡಿ ಸ್ಟೀಮ್‌ಗೆ ಬಂದ ಸೆಲಾಕೊ ಅನ್ನೋ ಗೇಮ್ ಓಡ್ತಿರೋದು ಜೀಜೆಡ್‌ಡೂಮ್ ಮೇಲೆ, ಅಂದ್ರೆ ಅದೇ 1997ರ ಕೋಡಿನ ಮೊಮ್ಮಗು.

ಕೆಫೆ_ಕಾಕಾ (ಹುಬ್ಬಳ್ಳಿ)

ವಿಠ್ಠಲ ಅವ್ರು ಛಲೋ ಹೇಳ್ಯಾರ. ನಾ ಬ್ಯಾರೆ ಒಂದು ಹೇಳ್ತೀನಿ.

ನಮ್ಮ ಕಡೆ ಸೈಬರ್ ಕೆಫೆದಾಗ ತಾಸಿಗೆ ಇಷ್ಟು ರೊಕ್ಕ ಅಂತ ಕೊಟ್ಟು ಕೌಂಟರ್-ಸ್ಟ್ರೈಕ್ 1.6 ಆಡ್ತಿದ್ವಲ್ಲ, ಅದು ಹುಟ್ಟಿದ್ದೇ ಮಾಡ್ ಆಗಿ ಅನ್ನೋದು ಯಾರಿಗೂ ಗೊತ್ತಿರಲಿಲ್ಲ. 1998ರಾಗ ವಾಲ್ವ್‌ದವ್ರು ಹಾಫ್-ಲೈಫ್ ತಂದ್ರು, ಅದರ ಎಂಜಿನ್ ಐಡಿ ಕಡಿಂದ ಲೈಸೆನ್ಸ್ ತಗೊಂಡ ಕ್ವೇಕ್ ಎಂಜಿನ್ನ ತಿದ್ದಿ ಮಾಡಿದ್ದು. ಗೇಮ್ ಜೋಡಿ ನಕ್ಷೆ ಕಟ್ಟೋ ವರ್ಲ್ಡ್‌ಕ್ರಾಫ್ಟ್ ಅನ್ನೋ ಸಾಧನನೂ ಕೊಟ್ರು. ಆ ವರ್ಲ್ಡ್‌ಕ್ರಾಫ್ಟ್ ಸೈತ ಮೊದಲ ಹೊರಗಿನವ ಕ್ವೇಕ್ ಸಲುವಾಗಿ ಬರದದ್ದು, ಆಮ್ಯಾಲೆ ವಾಲ್ವ್ ತಗೋತು. 1999ರ ಜೂನ್‌ದಾಗ ಮಿನ್ ಲೆ, ಜೆಸ್ ಕ್ಲಿಫ್ ಅನ್ನೋ ಇಬ್ಬರು ಹುಡುಗರು ಕೌಂಟರ್-ಸ್ಟ್ರೈಕ್ ಬೀಟಾ ಬಿಟ್ರು. ಮರು ವರ್ಷ ವಾಲ್ವ್ ಅದನ್ನ ಕೊಂಡು ಇಬ್ಬರನ್ನೂ ಕರಕೊಂಡ್ತು. ನಾವು ಕಣ್ಣು ಮುಚ್ಚಿ ಓಡ್ಯಾಡತಿದ್ದ ಡಸ್ಟ್ ನಕ್ಷೆ ಕಟ್ಟಿದಾವ ಡೇವ್ ಜಾನ್‌ಸ್ಟನ್, ಆಗ ಇನ್ನೂ ಹದಿಹರೆಯದ ಹುಡುಗ.

ನಿಮ್ಮ ಅಣ್ಣಗ ಹೇಳ್ರಿ, ಟೈಂಪಾಸ್ ಆದ್ರೂ ಭಾರಿ ಟೈಂಪಾಸ್ ಐತಿ.

ಸುಮಾ_ಶೇಡರ್ (ಬೆಂಗಳೂರು)

ಎಲ್ಲರೂ ಗೆದ್ದವರ ಕಥೆ ಹೇಳ್ತಿದೀರ. ನಾನು ಸ್ಟುಡಿಯೋದಲ್ಲಿ ಗ್ರಾಫಿಕ್ಸ್ ಕೆಲಸ ಮಾಡೋಳು, ಇಂಟರ್‌ವ್ಯೂಗೆ ಬರೋ ಮಾಡರ್‌ಗಳನ್ನ ನೋಡಿದೀನಿ. ಕೌಶಲ ಇರುತ್ತೆ, ನಿಜ. ಆದರೆ ಅಭಿ ಕೇಳಿದ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಡೋಟಾ ಅನ್ನೋ ಆಟ ತಗೊಳ್ಳಿ. ಅದು ವಾರ್‌ಕ್ರಾಫ್ಟ್ 3ರ ನಕ್ಷೆ ಎಡಿಟರ್‌ನಲ್ಲಿ ಹುಟ್ಟಿದ್ದು. ಯೂಲ್ ಅನ್ನೋ ಹೆಸರಿನವರು 2003ರಲ್ಲಿ ಶುರು ಮಾಡಿದ್ರು, ಆಮೇಲೆ ಆಲ್‌ಸ್ಟಾರ್ಸ್ ಆವೃತ್ತಿ ಸ್ಟೀವ್ ಫೀಕ್ ಕೈಗೆ, ಅಲ್ಲಿಂದ ಐಸ್‌ಫ್ರಾಗ್ ಕೈಗೆ. ಕೈಯಿಂದ ಕೈಗೆ ಬಂದ ಒಂದು ನಕ್ಷೆ ಫೈಲ್ ಇಡೀ ಒಂದು ಪ್ರಕಾರದ ಆಟವನ್ನೇ ಹುಟ್ಟಿಸ್ತು. ಆದರೆ ಅದನ್ನ ಮಾಡಿದವರು ಸ್ವಂತವಾಗಿ ಮಾರೋಣ ಅಂದ್ರೆ? ನಕ್ಷೆ ವಾರ್‌ಕ್ರಾಫ್ಟ್ ಬಿಟ್ಟು ಒಂದು ಹೆಜ್ಜೆ ಆಚೆ ಬರಲ್ಲ. ಓಡೋ ಕೋಡ್, ಯೋಧರ ಮಾಡೆಲ್, ಶಬ್ದ ಎಲ್ಲಾ ವಾರ್‌ಕ್ರಾಫ್ಟ್ ಮಾಡಿದ ಬ್ಲಿಜರ್ಡ್ ಕಂಪನಿದು. ಹಾಗಾಗಿ ಫೀಕ್ ರಯಟ್ ಕಂಪನಿಗೆ ಹೋಗಿ ಅಲ್ಲಿ ಲೀಗ್ ಆಫ್ ಲೆಜೆಂಡ್ಸ್‌ನ (2009) ತಳಪಾಯದಿಂದ ಕಟ್ಟಬೇಕಾಯ್ತು. ಐಸ್‌ಫ್ರಾಗ್ ವಾಲ್ವ್‌ಗೆ ಹೋಗಿ ಡೋಟಾ 2ನ್ನ (2013) ಬೇರೆ ಎಂಜಿನ್‌ನಲ್ಲಿ ಮತ್ತೆ ಕಟ್ಟಬೇಕಾಯ್ತು. ಹೆಸರಿಗಾಗಿ ವಾಲ್ವ್, ಬ್ಲಿಜರ್ಡ್ ಜಗಳ ಆಡಿ 2012ರಲ್ಲಿ ರಾಜಿಯಾದ್ರು. 2020ರಲ್ಲಿ ವಾರ್‌ಕ್ರಾಫ್ಟ್ 3 ರಿಫೋರ್ಜ್ಡ್ ಬಂದಾಗ ಷರತ್ತಿನಲ್ಲಿ ಏನಿತ್ತು ಗೊತ್ತಾ? ನಮ್ಮ ಎಡಿಟರ್‌ನಲ್ಲಿ ನೀವು ಮಾಡಿದ ಆಟ ನಮ್ಮದೇ ಸ್ವತ್ತು ಅಂತ. ಇನ್ನೊಂದು ಡೋಟಾ ಕೈತಪ್ಪಬಾರದು ನೋಡಿ.

ಡೂಮ್ ಮೇಲೆ ಸೆಲಾಕೊ ಮಾಡಿದವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಕೋಡ್ ಜಿಪಿಎಲ್, ಎಂಜಿನ್‌ನಲ್ಲಿ ಮಾಡಿದ ಬದಲಾವಣೆ ಹಂಚಬೇಕು, ಅಷ್ಟೇ. ಚಿತ್ರ, ನಕ್ಷೆ, ಸಂಗೀತ ಅವರದೇ. ಸ್ಟೀಮ್‌ನಲ್ಲಿ ರಾಜಾರೋಷವಾಗಿ ಮಾರ್ತಿದಾರೆ.

ಐರಾವತ_ಅಭಿ

ಅಕ್ಕ, ಹಾಗಾದ್ರೆ ನಾನು ಮಾಡಿರೋ ಬಸ್ ನನ್ನದಲ್ವಾ?

ಸುಮಾ_ಶೇಡರ್

ಬ್ಲೆಂಡರ್‌ನಲ್ಲಿ ಸೊನ್ನೆಯಿಂದ ನೀನೇ ಕೂತು ಮಾಡಿದ ಮೆಶ್ (3ಡಿ ಆಕಾರ) ನಿನ್ನದು. ಬೇರೆ ಗೇಮ್‌ನಿಂದ ಎತ್ತಿದ ಸೀಟು, ಸ್ಟಿಯರಿಂಗ್ ಸೇರಿಸಿದ್ರೆ ಆ ಭಾಗ ನಿನ್ನದಲ್ಲ. ನಿಗಮದ ಲಾಂಛನ ಅಂತೂ ಅಲ್ವೇ ಅಲ್ಲ. ಮಾಡ್ ಅಂತ ಪುಕ್ಕಟೆ ಹಂಚುವಾಗ ಯಾರೂ ಕೇಳಲ್ಲ, ಗೇಮ್ ಅಂತ ಮಾರೋಕೆ ಹೊರಟ ದಿನ ಕೇಳ್ತಾರೆ. ಬ್ಲೆಂಡರ್ ಫೈಲ್‌ಗಳನ್ನ ಹಳೇ ಆವೃತ್ತಿ ಸಮೇತ ಜೋಪಾನ ಮಾಡು, ನಾಳೆ ಸಾಕ್ಷಿ ಬೇಕಾದ್ರೆ ಅದೇ.

ಐರಾವತ_ಅಭಿ

ಸೀಟು ಎತ್ತಿದ್ದೇ 🙈 ಬದಲಾಯಿಸ್ತೀನಿ. ಆದರೆ ನಮ್ಮಲ್ಲಿ ಕಥೆ ಉಲ್ಟಾ ಅಕ್ಕ. ನಾನು ಬಿಟ್ಟ ರಾಜಹಂಸ ಮಾಡ್ ಅನ್ನ ಯಾರೋ ಮುಂದಿನ ಗಾಜಿನ ಮೇಲಿದ್ದ ನನ್ನ ಹೆಸರು ಅಳಿಸಿ, ಅವರ ಹೆಸರು ಹಾಕಿ, ಯೂಟ್ಯೂಬ್ ವಿಡಿಯೋ ಕೆಳಗೆ ಆಡ್ ತುಂಬಿದ ಶಾರ್ಟ್ ಲಿಂಕ್ ಕೊಟ್ಟಿದ್ರು. ಡೌನ್‌ಲೋಡ್ ಆಗೋಷ್ಟರಲ್ಲಿ ಹತ್ತು ಪುಟ ತೆರೆದುಕೊಳ್ಳುತ್ತೆ. ಅದಕ್ಕೇ ಈಗ ಎಲ್ಲರೂ ಪಾಸ್‌ವರ್ಡ್ ಹಾಕಿ ಬಿಡೋದು. ಯಾರೂ ಯಾರಿಗೂ ಹೇಗೆ ಮಾಡಿದ್ದು ಅಂತ ಹೇಳ್ಕೊಡಲ್ಲ.

ವ್ಯಾಡ್_ವಿಠ್ಠಲ

ಇದು ಬೇಜಾರಿನ ಸಂಗತಿ. ಡೂಮ್ ಕಡೆ ಪ್ರತಿ ವ್ಯಾಡ್ ಜೊತೆ ಒಂದು ಟೆಕ್ಸ್ಟ್ ಫೈಲ್ ಇಡೋ ರೂಢಿ ಇದೆ. ಯಾರು ಕಟ್ಟಿದ್ದು, ಯಾವ ಎಡಿಟರ್, ಯಾರ ಸರಕು ಬಳಸಿದೀನಿ, ಇದನ್ನ ಬೇರೆಯವರು ತಿದ್ದಬಹುದಾ ಇಲ್ವಾ, ಎಲ್ಲಾ ಅದರಲ್ಲಿ. ಕಾನೂನಿನ ಬಲ ಎಷ್ಟಿದೆಯೋ ಬಿಡಿ, ಮರ್ಯಾದೆಯ ಬಲ ಇದೆ.

ಕೆಫೆ_ಕಾಕಾ

ರೊಕ್ಕದ ಮಾತು ಬಂತಲ್ಲ, ಸ್ಟೀಮ್‌ದಾಗ ಸ್ಕೈರಿಮ್ ಗೇಮಿನ ಮಾಡ್ ಮಾರಾಟ ನೆನಪೈತೇನ್ರಿ? 2015ರ ಏಪ್ರಿಲ್. ಮಾಡ್ ಮಾಡಿದಾವಗ ನೂರಕ್ಕ 25, ಉಳದದ್ದು ವಾಲ್ವ್ ಮತ್ತ ಗೇಮ್ ಮಾಡಿದ ಬೆಥೆಸ್ಡಾಗ. ಮಂದಿ ಹಂಗ ತಿರುಗಿಬಿದ್ರು, ವಾರ ತುಂಬೂದ್ರಾಗ ವಾಪಸ್ ತಗೊಂಡ್ರು.

ಗೋಡೋ_ಗಿರೀಶ (ಮ್ಯೂನಿಕ್)

ಎಂಜಿನ್ ಪ್ರಶ್ನೆಗೆ ಬರೋಣ. ನಾನು ಪಕ್ಷಪಾತಿ, ಹೆಸರಲ್ಲೇ ಇದೆ.

ಯೂನಿಟಿ ಕೆಟ್ಟ ಎಂಜಿನ್ ಅಲ್ಲ. ಆದರೆ 2023ರ ಸೆಪ್ಟೆಂಬರ್ 12ರಂದು ಅವರು ಹೊರಡಿಸಿದ ಪ್ರಕಟಣೆ ಓದಿದವರು ಮರೆಯಲ್ಲ. ಪರ್ಸನಲ್ ಲೈಸೆನ್ಸ್‌ನಲ್ಲಿ ನಿಮ್ಮ ಗೇಮ್ ವರ್ಷಕ್ಕೆ 2 ಲಕ್ಷ ಡಾಲರ್ ದುಡಿದು, 2 ಲಕ್ಷ ಇನ್‌ಸ್ಟಾಲ್ ದಾಟಿದ್ರೆ, ಆಮೇಲೆ ಪ್ರತಿ ಇನ್‌ಸ್ಟಾಲ್‌ಗೆ 20 ಸೆಂಟ್ ಶುಲ್ಕ. ಈಗಾಗಲೇ ಬಿಡುಗಡೆ ಆಗಿರೋ ಗೇಮ್‌ಗಳಿಗೂ ಅನ್ವಯ. ಪುಕ್ಕಟೆ ಕೊಟ್ಟು ಜಾಹೀರಾತಿಂದ ಬಿಡಿಗಾಸು ಎಣಿಸೋ ಮೊಬೈಲ್ ಗೇಮ್‌ನವರ ಎದೆ ಧಸಕ್ ಅಂತು. ಗಲಾಟೆ ಆಗಿ ಹತ್ತು ದಿನಕ್ಕೆ ಷರತ್ತು ಸಡಿಲಿಸಿದ್ರು, ಮುಂದಿನ ತಿಂಗಳು ಸಿಇಒ ಜಾನ್ ರಿಕಿಟಿಯೆಲ್ಲೊ ಹೊರಟರು, 2024ರ ಸೆಪ್ಟೆಂಬರ್‌ನಲ್ಲಿ ಶುಲ್ಕವನ್ನೇ ಕೈಬಿಟ್ರು. ಆ ದಿನಗಳಲ್ಲೇ ಟೆರಾರಿಯಾ ಮಾಡಿದ ರೀ-ಲಾಜಿಕ್, ಗೋಡೋಗೂ ಎಫ್‌ಎನ್‌ಎ ಅನ್ನೋ ಇನ್ನೊಂದು ಓಪನ್ ಸೋರ್ಸ್ ಸಾಧನಕ್ಕೂ ತಲಾ 1 ಲಕ್ಷ ಡಾಲರ್ ದೇಣಿಗೆ ಕೊಡ್ತು. ಅವರ ದೊಡ್ಡ ಗೇಮ್ ಯೂನಿಟಿಯಲ್ಲಿ ಇರಲೂ ಇಲ್ಲ.

ಗೋಡೋ ಅರ್ಜೆಂಟೀನಾದ ಹುವಾನ್ ಲಿನಿಯೆಟ್ಸ್ಕಿ, ಏರಿಯಲ್ ಮನ್ಸೂರ್ ತಮ್ಮ ಕೆಲಸಕ್ಕೆ ಅಂತ ಬರೆದುಕೊಂಡಿದ್ದ ಎಂಜಿನ್. 2014ರಲ್ಲಿ ಎಂಐಟಿ ಲೈಸೆನ್ಸ್ ಅಡಿ ಬಿಟ್ರು. ಜಿಪಿಎಲ್‌ನಂತೆ ಬದಲಾವಣೆ ಹಂಚಲೇಬೇಕು ಅಂತಿಲ್ಲ, ಲೈಸೆನ್ಸ್ ಪಠ್ಯ ಜೊತೆಗಿಟ್ರೆ ಸಾಕು. ಅನ್‌ರಿಯಲ್ ಅನ್ನೋ ಎಂಜಿನ್ನಿನ ಕೋಡೂ ನೋಡೋಕೆ ಸಿಗುತ್ತೆ, ಆದರೆ ಅದು ಓಪನ್ ಸೋರ್ಸ್ ಅಲ್ಲ: 10 ಲಕ್ಷ ಡಾಲರ್ ದಾಟಿದ್ರೆ ನೂರಕ್ಕೆ 5 ರಾಯಲ್ಟಿ, ಷರತ್ತು ಬರೆಯೋರು ಅವರು. ಗೋಡೋದವರು ನಾಳೆ ಹುಚ್ಚು ನಿರ್ಧಾರ ಮಾಡಿದ್ರೂ ಇವತ್ತಿನ ಆವೃತ್ತಿ ಇವತ್ತಿನ ಷರತ್ತಿನಲ್ಲೇ ನಿನ್ನ ಹತ್ರ ಇರುತ್ತೆ.

ಪಿಕ್ಸೆಲ್_ಪುಟ್ಟಯ್ಯ

ಗಿರೀಶ್, ಎಲ್ಲಾ ಸರಿ, ಆದರೆ ಹುಡುಗನಿಗೆ ಬರೀ ಸಿಹಿ ತಿನ್ನಿಸಬೇಡಿ.

ಗೋಡೋದಲ್ಲಿ ಭೂಪ್ರದೇಶ ಕಟ್ಟೋ ಸಾಧನ ಒಳಗೇ ಇಲ್ಲ, ಟೆರೇನ್3ಡಿ ತರದ ಆಡ್-ಆನ್ ಹಾಕ್ಬೇಕು. ಕನ್ಸೋಲ್‌ಗೆ ನೇರ ಎಕ್ಸ್‌ಪೋರ್ಟ್ ಇಲ್ಲ, ಯಾಕಂದ್ರೆ ಸೋನಿ, ನಿಂಟೆಂಡೊಗಳ ಕಿಟ್ ಗೌಪ್ಯತೆ ಒಪ್ಪಂದದಲ್ಲಿರುತ್ತೆ, ತೆರೆದ ಕೋಡಿನಲ್ಲಿ ಸೇರಿಸೋ ಹಾಗಿಲ್ಲ. ಹಣ ಕೊಟ್ಟು ಬೇರೆಯವರಿಂದ ಮಾಡಿಸಬೇಕು.

ಇನ್ನು ಶಿವಮೊಗ್ಗದಿಂದ ಉಡುಪಿವರೆಗೆ ಒಂದೇ ನಕ್ಷೆ ಅಂದೆಯಲ್ಲ ಅಭಿ, ಅಲ್ಲೊಂದು ಗಂಡಾಂತರ ಇದೆ. ಎಂಜಿನ್ ಸ್ಥಾನಗಳನ್ನ 32 ಬಿಟ್ ದಶಮಾಂಶ ಸಂಖ್ಯೆಯಲ್ಲಿ ಇಟ್ಟುಕೊಳ್ಳುತ್ತೆ. ಆರಂಭದ ಬಿಂದುವಿನಿಂದ ದೂರ ಹೋದಷ್ಟೂ ನಿಖರತೆ ಕಮ್ಮಿ. 65 ಕಿ.ಮೀ. ದಾಟಿದ ಮೇಲೆ ಅಕ್ಕಪಕ್ಕದ ಎರಡು ಸಂಖ್ಯೆಗಳ ನಡುವಿನ ಅಂತರವೇ ಸುಮಾರು 8 ಮಿ.ಮೀ. ಅಂದ್ರೆ ಶಿವಮೊಗ್ಗ ಡಿಪೋದಲ್ಲಿ ನೆಟ್ಟಗಿದ್ದ ಬಸ್, ತೀರ್ಥಹಳ್ಳಿ ದಾಟೋಷ್ಟರಲ್ಲಿ ಸ್ಟಿಯರಿಂಗ್, ಕನ್ನಡಿ, ಚಕ್ರ ಎಲ್ಲಾ ಗಡಗಡ ನಡುಗೋಕೆ ಶುರು. ರಸ್ತೆ ಗುಂಡಿಯಿಂದ ಅಂತ ಸುಳ್ಳು ಹೇಳಬಹುದು, ಆದರೆ ಎಷ್ಟು ದೂರ?

ಎರಡು ದಾರಿ. ಬಸ್ಸನ್ನ ನಡುವಲ್ಲೇ ಇಟ್ಟು ಆಗಾಗ ಪ್ರಪಂಚವನ್ನೇ ಹಿಂದಕ್ಕೆ ಸರಿಸೋದು ಒಂದು. ಗೋಡೋ 4ನ್ನ 64 ಬಿಟ್ ನಿಖರತೆ ಆಯ್ಕೆ ಹಾಕಿ ಸೋರ್ಸ್‌ನಿಂದ ನೀನೇ ಕಂಪೈಲ್ ಮಾಡ್ಕೊಳ್ಳೋದು ಇನ್ನೊಂದು. ನನ್ನ ಕೇಳಿದ್ರೆ ಮೂರನೇದು: ಬರೀ ಆಗುಂಬೆಯಿಂದ ಸೋಮೇಶ್ವರ ಘಾಟಿ ಮಾಡು. ಆ ತಿರುವುಗಳು ಸರಿಬಂದ್ರೆ ಉಳಿದ ರಸ್ತೆ ತಾನಾಗೇ ಬರುತ್ತೆ.

ಗೋಡೋ_ಗಿರೀಶ

ಪುಟ್ಟಯ್ಯನವರ ಮೂರನೇ ದಾರಿಗೆ ನನ್ನ ಮತ. ಆದರೆ ಎರಡನೇ ದಾರಿ ಅಭಿಗೆ ಇದೆ ಅನ್ನೋದೇ ದೊಡ್ಡದು ಅಲ್ವಾ? ಮುಚ್ಚಿದ ಎಂಜಿನ್‌ನಲ್ಲಿ ಇಂಥದ್ದು ಬೇಕಂದ್ರೆ ಕಂಪನಿ ಮನಸ್ಸು ಮಾಡೋವರೆಗೆ ಕಾಯಬೇಕು.

ಒಂದು ಉದಾಹರಣೆ. ಗೋಡೋದ ಸ್ವಂತ 3ಡಿ ಫಿಸಿಕ್ಸ್ ಬಗ್ಗೆ ಜನ ಬಹಳ ದೂರುತ್ತಿದ್ರು. ಜೋಲ್ಟ್ ಅಂತ ಒಂದು ತೆರೆದ ಫಿಸಿಕ್ಸ್ ಲೈಬ್ರರಿ ಇದೆ, ಗೆರಿಲ್ಲಾ ಗೇಮ್ಸ್‌ನ ಹೊರೈಜನ್ ಫರ್ಬಿಡನ್ ವೆಸ್ಟ್‌ನಲ್ಲಿ ಬಳಸಿದ್ದು. ಅದನ್ನ ಸಮುದಾಯದವರು ಗೋಡೋಗೆ ಆಡ್-ಆನ್ ಆಗಿ ಜೋಡಿಸಿದ್ರು. ಜನ ಹಾಕ್ಕೊಂಡು ನೋಡಿದ್ರು, ಮೆಚ್ಚಿದ್ರು. 2025ರಲ್ಲಿ 4.4 ಆವೃತ್ತಿ ಬಂದಾಗ ಅದು ಎಂಜಿನ್ನಿನೊಳಗೇ ಇತ್ತು. ಕೌಂಟರ್-ಸ್ಟ್ರೈಕ್‌ನ ವಾಲ್ವ್ ಕೊಂಡಿತು ಅಂದ್ರಲ್ಲ ಕಾಕಾ, ಇಲ್ಲಿ ಕೊಳ್ಳೋ ಮಾತೇ ಇಲ್ಲ, ಸೇರಿಸಿಕೊಂಡ್ರು.

ಒತ್ತಕ್ಷರ_ವನಜಾ (ಮಂಗಳೂರು)

ಕನ್ನಡದ ವಿಷಯ ಒಬ್ಬರೂ ಎತ್ತಲಿಲ್ಲ ಮಾರಾಯ್ರೆ! ಬಸ್ಸಿನ ನೆತ್ತಿ ಮೇಲಿನ ಬೋರ್ಡ್ ಯಾವ ಭಾಷೆಯಲ್ಲಿ ಬರೀತೀರಿ?

ಗೋಡೋ 3ರಲ್ಲಿ "ಶಿವಮೊಗ್ಗ" ಅಂತ ಟೈಪ್ ಮಾಡಿದ್ರೆ ಗ ಕೆಳಗೆ ಒತ್ತು ಬರ್ತಿರಲಿಲ್ಲ. "ಗ್‌ಗ" ಅಂತ ಬಿಡಿಬಿಡಿಯಾಗಿ, ಶ ಪಕ್ಕದಲ್ಲಿ ಗುಡಿಸು ಅನಾಥವಾಗಿ ನಿಂತಿರ್ತಿತ್ತು. ಅಕ್ಷರಗಳನ್ನ ಕೂಡಿಸೋ ಕೆಲಸ ಎಂಜಿನ್ ಮಾಡ್ತಲೇ ಇರಲಿಲ್ಲ. ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೋದಲ್ಲೂ ಇದೇ ಗೋಳು. ನಾವು ಆಗ ಏನು ಮಾಡ್ತಿದ್ವಿ ಹೇಳಿ? ಯೂನಿಕೋಡ್ ಪಠ್ಯವನ್ನ ನುಡಿಯ ಹಳೇ ಆಸ್ಕಿ ಸಂಕೇತಕ್ಕೆ ಬದಲಿಸಿ, ನುಡಿ ಫಾಂಟ್ ಹಾಕಿ ಕಣ್ಣಿಗೆ ಮಣ್ಣೆರಚೋದು. ನೋಡೋಕೆ ಸರಿ ಇರುತ್ತೆ, ಒಳಗೆ ಕಸ. ಆಟಗಾರ ತನ್ನ ಹೆಸರು ಟೈಪ್ ಮಾಡಿದ ಕೂಡಲೇ ಗುಟ್ಟು ರಟ್ಟು.

2023ರ ಮಾರ್ಚ್‌ನಲ್ಲಿ ಗೋಡೋ 4.0 ಬಂದಾಗ ಅಕ್ಷರ ಕೂಡಿಸೋ ಹಾರ್ಫ್‌ಬಜ್ ಲೈಬ್ರರಿ ಒಳಗೆ ಬಂತು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್‌ನಲ್ಲಿ ಕನ್ನಡ ಕೂಡಿಸೋದೂ ಅದೇ. ಈಗ ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿ ಲೇಬಲ್3ಡಿಯಲ್ಲಿ "ತೀರ್ಥಹಳ್ಳಿ" ಅಂತ ಬರೆದು ಬಸ್ಸಿನ ಮೇಲೆ ಕೂರಿಸಿ. ಅರ್ಕಾವತ್ತು, ಳ್ಳಿ ಎಲ್ಲಾ ಲಕ್ಷಣವಾಗಿ ಬರುತ್ತೆ.

ಎಚ್ಚರ ಒಂದೇ. ಪುಟ್ಟಯ್ಯನವರು ಹೇಳಿದ ಹಾಗೆ ನೀವೇ ಕಂಪೈಲ್ ಮಾಡಿದ್ರೆ, ಫೈಲ್ ಗಾತ್ರ ಉಳಿಸೋಕೆ ಅಂತ ಅಡ್ವಾನ್ಸ್ಡ್ ಟೆಕ್ಸ್ಟ್ ಸರ್ವರ್ (ಅಕ್ಷರ ಕೂಡಿಸೋ ಭಾಗ) ತೆಗೆದು ಬರೀ ಫಾಲ್‌ಬ್ಯಾಕ್ (ಕೂಡಿಸದ ಸರಳ ಭಾಗ) ಇಟ್ಟುಕೊಂಡೀರಿ, ಮತ್ತೆ "ಗ್‌ಗ" ವಾಪಸ್ ಬರುತ್ತೆ.

ಐರಾವತ_ಅಭಿ

ವನಜಾ ಮೇಡಂ, ಇದು ನನಗೆ ಹೊಳೆದೇ ಇರಲಿಲ್ಲ. ಇಷ್ಟು ದಿನ ಬೋರ್ಡೆಲ್ಲಾ ಚಿತ್ರ ಮಾಡಿ ಅಂಟಿಸ್ತಿದ್ದೆ.

ಕೊನೇ ಪ್ರಶ್ನೆ. ನನ್ನ ಗೇಮ್‌ಗೆ ಬೇರೆಯವರು ಮಾಡ್ ಮಾಡೋ ಹಾಗೆ ಬಿಡಬಹುದಾ? ಗೋಡೋದಲ್ಲಿ ಅದಕ್ಕೆ ಏನಾದ್ರೂ ಇದೆಯಾ?

ಗೋಡೋ_ಗಿರೀಶ

ಇದೆ. ಗೇಮ್‌ನ ಸರಕೆಲ್ಲಾ ಪಿಸಿಕೆ ಅನ್ನೋ ಫೈಲ್‌ನಲ್ಲಿ ಕೂರುತ್ತೆ. ಗೇಮ್ ಶುರುವಾದ ಕೂಡಲೇ ಲೋಡ್_ರಿಸೋರ್ಸ್_ಪ್ಯಾಕ್ ಅನ್ನೋ ಫಂಕ್ಷನ್‌ಗೆ ಮಾಡ್‌ನ ಪಿಸಿಕೆ ಕೊಟ್ರೆ, ಅದೇ ದಾರಿ, ಅದೇ ಹೆಸರಿನ ಫೈಲ್ ಇದ್ದಲ್ಲಿ ಮಾಡ್‌ನದ್ದು ಬಳಕೆಯಾಗುತ್ತೆ. ಬಸ್ ಲೋಡ್ ಆಗೋ ಮೊದಲೇ ಕರೀಬೇಕು, ಇಲ್ಲಾಂದ್ರೆ ಹಳೇದೇ ಉಳಿಯುತ್ತೆ.

ವ್ಯಾಡ್_ವಿಠ್ಠಲ

ಅರೆ, ಇದು ನಮ್ಮ ಪಿವ್ಯಾಡೇ! ಆಮೇಲೆ ಬಂದವನದೇ ನಡೆಯೋದು, 1993ರಲ್ಲಿ ಇದ್ದ ಹಾಗೆ.

ಸುಮಾ_ಶೇಡರ್

ಒಂದು ವ್ಯತ್ಯಾಸ ಇದೆ ವಿಠ್ಠಲ್, ಅದು ಸಣ್ಣದಲ್ಲ. ಹಳೇ ಪಿವ್ಯಾಡ್‌ನಲ್ಲಿ ನಕ್ಷೆ, ಚಿತ್ರ, ಶಬ್ದ ಮಾತ್ರ. ಪಿಸಿಕೆ ಒಳಗೆ ಸ್ಕ್ರಿಪ್ಟ್ ಕೂಡ ಇರಬಹುದು, ಅದಕ್ಕೆ ಗೋಡೋದಲ್ಲಿ ಯಾವ ಬೇಲಿಯೂ ಇಲ್ಲ. ಗೇಮ್‌ಗೆ ಇರೋ ಅನುಮತಿಯೆಲ್ಲಾ ಮಾಡ್‌ಗೂ ಇರುತ್ತೆ, ಫೈಲ್ ಓದೋದು, ಅಳಿಸೋದು ಎಲ್ಲಾ. ಅಭಿ ಹೇಳಿದ ಆ ಶಾರ್ಟ್ ಲಿಂಕ್ ಸಂತೆಯಿಂದ ಬಂದ ಪಿಸಿಕೆಯನ್ನ ಹುಡುಗರು ಫೋನಿಗೆ ಹಾಕ್ಕೊಳ್ಳೋದು ಊಹಿಸಿ. ಲಿವರಿಗೆ ಬರೀ ಪಿಎನ್‌ಜಿ ಚಿತ್ರ, ಬಸ್‌ಗೆ ಬರೀ ಜಿಎಲ್‌ಬಿ ಅನ್ನೋ 3ಡಿ ಮಾಡೆಲ್ ಫೈಲ್ ತಗೋ. ಗೇಮ್ ಓಡುವಾಗಲೇ ಎರಡನ್ನೂ ಲೋಡ್ ಮಾಡಬಹುದು. ಚಕ್ರದ ಅಳತೆ, ಸೀಟಿನ ಸಂಖ್ಯೆ ತರದ್ದಕ್ಕೆ ಜೇಸನ್ ಅನ್ನೋ ಒಂದು ಸರಳ ಪಠ್ಯ ಫೈಲ್. ಪಿಸಿಕೆ ಸದ್ಯಕ್ಕೆ ಬೇಡ.

ಪಿಕ್ಸೆಲ್_ಪುಟ್ಟಯ್ಯ

ಸುಮಾ ಹೇಳಿದ್ದೇ ಸರಿ. ಜೊತೆಗೆ ವಿಠ್ಠಲ ಹೇಳಿದ ಟೆಕ್ಸ್ಟ್ ಫೈಲನ್ನೂ ಕಡ್ಡಾಯ ಮಾಡು. ಮಾಡಿದವರ ಹೆಸರು ಜೇಸನ್‌ನಲ್ಲಿ ಇಲ್ಲದಿದ್ರೆ ಬಸ್ ಲೋಡ್ ಆಗಬಾರದು, ಇದ್ರೆ ಡಿಪೋ ಪರದೆಯಲ್ಲಿ ಬಸ್ಸಿನ ಕೆಳಗೆ ಆ ಹೆಸರು ಕಾಣಬೇಕು. ಕಳ್ಳ ನಿಲ್ಲಲ್ಲ, ಒಪ್ಪಿದೆ. ಆದರೆ ಹೆಸರು ಹಾಕೋದು ರೂಢಿ ಆಗುತ್ತೆ.

ಐರಾವತ_ಅಭಿ

ಸರಿ ಸರ್. ನಮ್ಮ ಗುಂಪಲ್ಲಿ ಮಾತಾಡಿ ಗೋಡೋ 4 ಅಂತ ತೀರ್ಮಾನ ಆಯ್ತು. ಆಗುಂಬೆಯಿಂದ ಸೋಮೇಶ್ವರ ಮಾತ್ರ, ಮಿನಿ ಬಸ್ ಮಾತ್ರ. ಲಾಂಛನ ಇಲ್ಲ, ಹೆಸರೂ ನಮ್ಮದೇ ಇಡ್ತೀವಿ. ಕೋಡ್ ಎಲ್ಲರಿಗೂ ಬಿಡೋಣ ಅಂತಿದೀವಿ, ಲೈಸೆನ್ಸ್ ಯಾವುದು ಹಾಕ್ಲಿ?

ಗೋಡೋ_ಗಿರೀಶ

ಕೋಡಿಗೆ ಎಂಐಟಿ. ಯಾರಾದ್ರೂ ತಗೊಂಡು ಮುಚ್ಚಿಟ್ಟು ಮಾರಿದ್ರೆ ಹೊಟ್ಟೆ ಉರಿಯುತ್ತೆ ಅನ್ನೋದಾದ್ರೆ ಜಿಪಿಎಲ್. ಬಸ್ ಮಾಡೆಲ್, ರಸ್ತೆ, ಮರಗಳಿಗೆ ಕ್ರಿಯೇಟಿವ್ ಕಾಮನ್ಸ್ ಬಿವೈ: ಯಾರು ಬೇಕಾದ್ರೂ ಬಳಸಲಿ, ನಿಮ್ಮ ಹೆಸರು ಹಾಕಲಿ. ಎರಡನ್ನೂ ಬೇರೆ ಬೇರೆ ಫೈಲ್‌ನಲ್ಲಿ ಬರೆದು ಮೊದಲ ದಿನವೇ ರೆಪೊದಲ್ಲಿ (ಕೋಡ್ ಇಡೋ ಜಾಗದಲ್ಲಿ) ಇಡಿ. ನಾಲ್ಕು ಜನ ಕೈಹಾಕಿದ ಮೇಲೆ ಲೈಸೆನ್ಸ್ ಬದಲಿಸಬೇಕಂದ್ರೆ ನಾಲ್ಕೂ ಜನರ ಒಪ್ಪಿಗೆ ಬೇಕು, ಅಷ್ಟರಲ್ಲಿ ಒಬ್ಬ ಫೋನ್ ಎತ್ತೋದು ನಿಲ್ಲಿಸಿರ್ತಾನೆ.

ಕೆಫೆ_ಕಾಕಾ

ಘಾಟಿದಾಗ ಮಂಗ್ಯಾ ಇರಬೇಕ ಮತ್ತ. ಮಂಗ್ಯಾ ಇಲ್ಲಂದ್ರ ನಾ ಮಾಡ್ ಮಾಡಿ ಹಾಕ್ತೀನಿ.